ಗಡಿಯ ನಿಲ್ದಾಣ ಕ್ಯಾಸಲ್‌ರಾಕ್

ಲೋಂಡಾ ಜಂಕ್ಷನ್‌ನಿಂದ ಗೋವಾದತ್ತ ಹೊರಟ ರೈಲು ತಿನೈಘಾಟ ದಾಟಿದ ಮೇಲೆ ಸಿಗುವ ನಿಲ್ದಾಣ ಕ್ಯಾಸಲ್‌ರಾಕ್. ಜೊಯಿಡಾ ತಾಲ್ಲೂಕಿನ ದಟ್ಟ ಕಾಡಿನ ನಡುವೆ, ಭಾರೀ ಮಳೆ ಸುರಿಯುವ ಈ ಪುಟ್ಟ ಊರಿಗೆ ನೂರಮೂವತ್ತು ವರ್ಷಗಳಿಗೂ ಹಿಂದೆಯೇ ರೈಲು ಬಂದದ್ದೇಕೆ? ಉತ್ತರ ಹುಡುಕುತ್ತ ಹೋದರೆ ಉಪ್ಪು ಮತ್ತು ಹತ್ತಿಯ ಕಥೆ ತೆರೆದುಕೊಳ್ಳುತ್ತದೆ.

ಆಗ ಗೋವಾ ಪೋರ್ಚುಗೀಸರದು, ಘಟ್ಟದ ಮೇಲಿನ ಸೀಮೆ ಬ್ರಿಟಿಷರದು. 1878ರಲ್ಲಿ ಇಬ್ಬರೂ ಒಂದು ಒಪ್ಪಂದ ಮಾಡಿಕೊಂಡರು. ಗೋವಾದ ಉಪ್ಪಿನ ವ್ಯಾಪಾರದ ಮೇಲೆ ಬ್ರಿಟಿಷರಿಗೆ ಹಿಡಿತ ಸಿಕ್ಕಿತು. ಎರಡು ಸೀಮೆಗಳ ನಡುವಿನ ಸುಂಕ ರದ್ದಾಯಿತು. ಮೊರ್ಮುಗೋವಾ ಬಂದರಿನಿಂದ ಘಟ್ಟದ ಮೇಲಕ್ಕೆ ರೈಲುದಾರಿ ಹಾಕುವುದೆಂದೂ ತೀರ್ಮಾನವಾಯಿತು. ಧಾರವಾಡ ಸೀಮೆಯ ಹತ್ತಿ ಹಡಗು ಸೇರಬೇಕಿತ್ತು. ಗೋವಾದ ಕಡೆಯಿಂದ ವೆಸ್ಟ್ ಆಫ್ ಇಂಡಿಯಾ ಪೋರ್ಚುಗೀಸ್ ರೈಲ್ವೆ, ಈ ಕಡೆಯಿಂದ ಸದರ್ನ್ ಮರಾಠಾ ರೈಲ್ವೆ ಮೀಟರ್‌ಗೇಜ್ ಹಳಿ ಹಾಕಿದವು. 1888ರಲ್ಲಿ ಎರಡೂ ದಾರಿಗಳು ಕೂಡಿದ್ದು ಕ್ಯಾಸಲ್‌ರಾಕ್‌ನಲ್ಲಿ.

ಒಪ್ಪಂದದ ಅವಧಿ 12 ವರ್ಷ ಮಾತ್ರ. 1892ರಲ್ಲಿ ಅದು ಮುಗಿಯುತ್ತಲೇ ಸುಂಕದ ಕಟ್ಟೆ ಮರಳಿ ಬಂತು. ಕ್ಯಾಸಲ್‌ರಾಕ್‌ನಲ್ಲಿ ಬ್ರಿಟಿಷರ ತಪಾಸಣೆ, ಘಟ್ಟ ಇಳಿದರೆ ಕುಳೆಂನಲ್ಲಿ ಪೋರ್ಚುಗೀಸರದು. ಒಂದೇ ದಾರಿಯ ಪ್ರಯಾಣಿಕರು ಎರಡೆರಡು ಸಲ ಗಂಟುಮೂಟೆ ಬಿಚ್ಚಬೇಕಾಯಿತು.

ಭಾರತ ಸ್ವತಂತ್ರವಾದ ಮೇಲೂ ಈ ಗಡಿ ಅಳಿಯಲಿಲ್ಲ. 1955ರ ಆಗಸ್ಟ್ 15ರಂದು ಗೋವಾ ಪ್ರವೇಶಿಸಿದ ನಿರಾಯುಧ ಸತ್ಯಾಗ್ರಹಿಗಳ ಮೇಲೆ ಪೋರ್ಚುಗೀಸರು ಗುಂಡು ಹಾರಿಸಿದರು. ಹಲವರು ಪ್ರಾಣ ತೆತ್ತರು. ಆ ವರ್ಷವೇ ಗೋವಾದೊಂದಿಗೆ ರೈಲು ಸಂಚಾರ ನಿಂತಿತು. ಗೋವಾದ ಹೆಬ್ಬಾಗಿಲಾಗಿದ್ದ ನಿಲ್ದಾಣ ದಾರಿಯ ಕೊನೆಯಾಯಿತು. 1961ರ ಡಿಸೆಂಬರ್ 19ರಂದು ಗೋವಾ ವಿಮೋಚನೆಯಾದ ನಂತರವೇ ಆ ಬಾಗಿಲು ಮತ್ತೆ ತೆರೆದದ್ದು.

ಗಡಿ ಹೋದರೂ ನಿಲ್ದಾಣದ ಕೆಲಸ ಮುಗಿಯಲಿಲ್ಲ. ಅದಕ್ಕೆ ಕಾರಣ ಘಟ್ಟ. ಇಲ್ಲಿಂದ ಕುಳೆಂವರೆಗಿನ 26 ಕಿಲೋಮೀಟರಿನಲ್ಲಿ ಕೆಲವೆಡೆ ಪ್ರತಿ 37 ಅಡಿಗೆ 1 ಅಡಿಯಷ್ಟು ಇಳಿಜಾರಿದೆ. ರಸ್ತೆಯಲ್ಲಿ ಇದು ದೊಡ್ಡದಲ್ಲ. ಆದರೆ ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿಗೆ ಹಿಡಿತ ಕಡಿಮೆ. ಆದ್ದರಿಂದ ಏರುವಾಗ ತಳ್ಳಲು, ಇಳಿಯುವಾಗ ತಡೆಯಲು ಹೆಚ್ಚುವರಿ ಎಂಜಿನ್‌ಗಳು ಬೇಕು. 1990ರ ದಶಕದಲ್ಲಿ ಬ್ರಾಡ್‌ಗೇಜ್ ಬಂದಾಗಲೂ ಈ ಅಗತ್ಯ ತಪ್ಪಲಿಲ್ಲ.

ಇದೀಗ ಪ್ರಶ್ನೆ ಕಾಡಿನದು. ಬಂದರಿನ ಕಲ್ಲಿದ್ದಲು ಘಟ್ಟ ಏರುವುದು ಇದೇ ದಾರಿಯಲ್ಲಿ. ಇದನ್ನು ಜೋಡಿ ಮಾರ್ಗ ಮಾಡಲು ವನ್ಯಜೀವಿ ಮಂಡಳಿ ಕೊಟ್ಟಿದ್ದ ಒಪ್ಪಿಗೆಯನ್ನು 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ರದ್ದುಪಡಿಸಿತು. ವ್ಯಾಪಾರಕ್ಕೆಂದು ಕಾಡು ಸೀಳಿ ಬಂದ ಹಳಿ ಇನ್ನೆಷ್ಟು ಕಾಡು ಕೇಳಬಹುದು ಎಂಬುದು ಮುಂದಿನ ಪೀಳಿಗೆಯೂ ಯೋಚಿಸಬೇಕಾದ ಮಾತು.

ಅಳ್ನಾವರದಿಂದ ದಾಂಡೇಲಿಗೆ ಹಳಿ ಬಂದದ್ದೂ ಕಾಡಿನ ಮರ ಸಾಗಿಸಲೆಂದೇ. ನಮ್ಮೂರಿಗೆ ರೈಲು ಯಾರಿಗಾಗಿ, ಏನನ್ನು ಒಯ್ಯಲು ಬಂತೆಂದು ಮಕ್ಕಳು ಮನೆಯ ಹಿರಿಯರನ್ನು ಕೇಳಿ ತಿಳಿಯಲಿ. ಪಠ್ಯಪುಸ್ತಕದ ಇತಿಹಾಸ ಊರಿನ ನಿಲ್ದಾಣದಲ್ಲೇ ಎದುರಾದೀತು.