ಜೈಪುರ ತಪ್ಪಿತು, ಸೊಗಡು ಸಿಕ್ಕಿತು

2025ರ ಡಿಸೆಂಬರ್ ಮೊದಲ ವಾರ ದೇಶದ ವಿಮಾನ ನಿಲ್ದಾಣಗಳಲ್ಲಿ ಸೂಟ್‌ಕೇಸುಗಳು ರಾಶಿ ಬಿದ್ದಿದ್ದವು. ಪೈಲಟ್‌ಗಳ ಕೆಲಸ ಮತ್ತು ವಿಶ್ರಾಂತಿಯ ಅವಧಿ ಕುರಿತ ಹೊಸ ನಿಯಮಗಳು ನವೆಂಬರ್ 1ರಿಂದ ಪೂರ್ತಿ ಜಾರಿಗೆ ಬಂದಿದ್ದವು. ಅದಕ್ಕೆ ತಕ್ಕ ಸಿದ್ಧತೆ ಇರಲಿಲ್ಲ. ಡಿಸೆಂಬರ್ 5ರ ಒಂದೇ ದಿನ ಸಾವಿರಕ್ಕೂ ಹೆಚ್ಚು ವಿಮಾನಗಳು ರದ್ದಾದವು. ಮದುವೆಗೆ ಹೊರಟವರು, ಆಸ್ಪತ್ರೆಗೆ ಹೊರಟವರು, ಪರೀಕ್ಷೆಗೆ ಹೊರಟವರು ಕಂಗಾಲಾದರು. ಅವರ ನಡುವೆ ಚಳಿಗಾಲದ ಪ್ರವಾಸಕ್ಕೆಂದು ಹೊರಟ ಸಾವಿರಾರು ಕುಟುಂಬಗಳೂ ಇದ್ದವು.

ಬೆಂಗಳೂರಿನ ಗಿರಿನಗರದ ಒಂದು ಮನೆಯವರದ್ದೂ ಅದೇ ಪಾಡು. ಜೈಪುರ, ಜೋಧಪುರ, ಜೈಸಲ್ಮೇರ್ ಎಂದು ಆರು ದಿನಗಳ ಲೆಕ್ಕ ಹಾಕಿದ್ದರು. ಗಂಡ ಹೆಂಡತಿ ಇಬ್ಬರೂ ಆಫೀಸಿಗೆ ರಜೆ ಹಾಕಿದ್ದರು, ಮಕ್ಕಳಿಬ್ಬರ ಶಾಲೆಗೆ ಚೀಟಿ ಬರೆದು ಕೊಟ್ಟಿದ್ದರು, ಒಂಟೆ ಸವಾರಿಗೆ ಮುಂಗಡವನ್ನೂ ಕಟ್ಟಿದ್ದರು. ದೇವನಹಳ್ಳಿಯ ನಿಲ್ದಾಣದಲ್ಲಿ ಏಳು ಗಂಟೆ ಕಾದು ರಾತ್ರಿ ಮನೆಗೆ ಮರಳುವಾಗ ಚಿಕ್ಕವಳು ಕಾರಿನಲ್ಲೇ ಅತ್ತು ಅತ್ತು ನಿದ್ದೆ ಹೋಗಿದ್ದಳು. ಇಂಥ ಬೇಸರವನ್ನು ಹಗುರವಾಗಿ ಕಾಣಬಾರದು. ವರ್ಷವಿಡೀ ಕೂಡಿಟ್ಟ ರಜೆ ಅದು, ಕೂಡಿಟ್ಟ ದುಡ್ಡು, ಕೂಡಿಟ್ಟ ಆಸೆ.

ಮಾರನೆಯ ಬೆಳಿಗ್ಗೆ ಮನೆಯ ಅಜ್ಜಿ ಮಗನನ್ನು ಕರೆದು ಹೇಳಿದ್ದು ಇಷ್ಟೇ: "ಹೆಂಗೂ ರಜೆ ಹಾಕಿದ್ದೀಯಲ್ಲಪ್ಪ, ಗಾಂಧಿ ಬಜಾರಿಗೆ ಹೋಗಿ ಅವರೆಕಾಯಿ ತಗೊಂಡು ಬಾ. ಎರಡು ಕಿಲೋ ಸಾಲಲ್ಲ, ನಾಲ್ಕು ತಾ."

ಮಗ ತಂದ. ಹಸಿರಾಗಿ, ನುಣುಪಾಗಿ, ನೋಡಲು ಚೆಂದವಾದ ಕಾಯಿ. ಅಜ್ಜಿ ಒಂದು ಹಿಡಿ ಎತ್ತಿ ಮೂಗಿನ ಹತ್ತಿರ ಹಿಡಿದು ಕೆಳಗಿಟ್ಟರು. "ಇದು ವರ್ಷವಿಡೀ ಸಿಗೋದು ಕಣೋ. ಸೊಗಡೇ ಇಲ್ಲ." ಅವನು ಮತ್ತೆ ಹೋಗಬೇಕಾಯಿತು. ಎರಡನೆಯ ಸಲ ಒಬ್ಬ ವ್ಯಾಪಾರಿಯ ಗೋಣಿಚೀಲಕ್ಕೆ ಕೈ ಹಾಕಿದಾಗ ಬೆರಳಿಗೆ ಎಣ್ಣೆಯಂಥ ಅಂಟು ಹತ್ತಿತು, ಸೋಪು ಹಾಕಿ ತೊಳೆದರೂ ಸಂಜೆವರೆಗೆ ಘಮ ಹೋಗಲಿಲ್ಲ. ಮೂವತ್ತೆಂಟು ವರ್ಷ ಬೆಂಗಳೂರಿನಲ್ಲೇ ಬೆಳೆದವನಿಗೆ ಎರಡು ಬಗೆಯ ಅವರೆಕಾಯಿಯ ವ್ಯತ್ಯಾಸ ಕೈಗೆ ತಿಳಿದದ್ದು ಆ ದಿನ.

ಆ ವ್ಯತ್ಯಾಸ ಅಜ್ಜಿಯ ಭ್ರಮೆಯೇನಲ್ಲ. ನಾಟಿ ಅವರೆ ಹಗಲು ಕಿರಿದಾಗದೆ ಹೂ ಬಿಡುವುದಿಲ್ಲ. ಮುಂಗಾರಿನಲ್ಲಿ ಬಿತ್ತಿದರೂ ಬಳ್ಳಿ ಹಬ್ಬುತ್ತ ಕಾಯುತ್ತದೆ. ದಿನದ ಬೆಳಕು ಕಡಿಮೆಯಾದ ಮೇಲೆಯೇ ಹೂವು, ಇಬ್ಬನಿ ಬೀಳುವ ಹೊತ್ತಿಗೆ ಕಾಯಿ. ಹಾಗಾಗಿಯೇ ಅದು ಡಿಸೆಂಬರ್ ಜನವರಿಯ ಬೆಳೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಹಗಲಿನ ಉದ್ದಕ್ಕೆ ಕಟ್ಟುಬೀಳದ ತಳಿಗಳನ್ನು ಬೆಳೆಸಿದರು. ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಎಂಬವು ಅವು. ಬೇಸಿಗೆಯಲ್ಲೂ ಕಾಯಿ ಬಿಡುವ, ಬೇಗ ಕೈಗೆ ಬರುವ ಆ ತಳಿಗಳಿಂದ ರೈತರಿಗೆ ವರ್ಷವಿಡೀ ಆದಾಯ ಬಂದಿದೆ, ಅದು ಸಣ್ಣ ಮಾತಲ್ಲ. ಆದರೆ ಬೆಂಗಳೂರಿನ ಹಳೆಯ ಮನೆಗಳು ಕಾಯುವುದು ಮಾಗಡಿ, ಹೊಸಕೋಟೆ, ಕೋಲಾರದ ಕಡೆಯಿಂದ ಬರುವ ಸೊಗಡಿನ ಕಾಯಿಗೆ. ಅದಕ್ಕೆ ಮಾತ್ರ ಕಾಲ ಉಂಟು, ಆ ಕಾಲ ಎರಡು ಎರಡೂವರೆ ತಿಂಗಳು.

ಈ ಕಾಯಿ ಬೆಳೆಯುವ ರೀತಿಯನ್ನೂ ಹೇಳಬೇಕು. ಹಳೆ ಮೈಸೂರು ಸೀಮೆಯ ರಾಗಿ ಹೊಲದಲ್ಲಿ ಕೆಲವು ಸಾಲು ರಾಗಿಗೆ ಒಂದು ಸಾಲು ಅವರೆ, ತೊಗರಿ, ಹುಚ್ಚೆಳ್ಳು, ಅಲಸಂದೆ ಬಿತ್ತುತ್ತಾರೆ. ಅಕ್ಕಡಿ ಸಾಲು ಎಂದು ಅದರ ಹೆಸರು. ರಾಗಿ ಕೊಯ್ದ ಮೇಲೆ ಹೊಲ ಖಾಲಿಯಾಗುವುದಿಲ್ಲ. ಬಿಡುವಾದ ಜಾಗಕ್ಕೆ ಅವರೆ ಹಬ್ಬಿಕೊಳ್ಳುತ್ತದೆ. ಅದರ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತವೆ. ಮಳೆ ಕೈಕೊಟ್ಟು ರಾಗಿ ಹೋದರೂ ಅವರೆಯಾದರೂ ಉಳಿಯಲಿ ಎಂಬ ಧೈರ್ಯ ಆ ಸಾಲಿನಲ್ಲಿದೆ. ಪೇಟೆಯವರ ಹಿತ್ಕಿದ ಬೇಳೆ ಸಾರು ಶುರುವಾಗುವುದು ಒಣಭೂಮಿಯ ರೈತನ ಈ ಲೆಕ್ಕಾಚಾರದಿಂದ.

ಗಿರಿನಗರದ ಮನೆಯಲ್ಲಿ ನಡುಮನೆಗೆ ಹಳೆಯ ಪತ್ರಿಕೆ ಹಾಸಿ ಎಲ್ಲರೂ ಸುತ್ತ ಕೂತರು. ನಾಲ್ಕು ಕಿಲೋ ಕಾಯಿ ಸುಲಿದರೆ ಕಾಳು ಎರಡು ಕಿಲೋಗಿಂತ ಕಡಿಮೆಯೇ. ಮೊದಲು ಹುಳ ಕಂಡು ಚೀರಿದ ಹುಡುಗಿ ಅರ್ಧ ಗಂಟೆಯಲ್ಲಿ ಹುಳವನ್ನು ಕಡ್ಡಿಯಲ್ಲಿ ಎತ್ತಿ ಅಣ್ಣನಿಗೆ ತೋರಿಸುತ್ತಿದ್ದಳು. ರಾತ್ರಿ ಕಾಳನ್ನು ನೀರಿಗೆ ಹಾಕಿ, ಬೆಳಿಗ್ಗೆ ಒಂದೊಂದನ್ನೇ ಹೆಬ್ಬೆರಳು ತೋರುಬೆರಳ ನಡುವೆ ಹಿತುಕಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪುಟಕ್ಕನೆ ಹಾರುತ್ತದೆ. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಆಟ ಬೇಕೇ? ಯಾರ ಬೇಳೆ ಪಾತ್ರೆಗೆ ನೇರ ಬೀಳುತ್ತದೆ ಎಂಬ ಪಂದ್ಯ ನಡೆಯಿತು. ತೆಂಗಿನಕಾಯಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ಶುಂಠಿ, ಬೆಳ್ಳುಳ್ಳಿ, ಚೂರು ಚಕ್ಕೆ ಲವಂಗ, ಗಸಗಸೆ ರುಬ್ಬಿ ಹಾಕಿದ ಸಾರು ಕುದಿಯುವಾಗ ಪಕ್ಕದ ಮನೆಯವರು ಬಾಗಿಲಿಗೆ ಬಂದು "ನಿಮ್ಮನೇಲಿ ಇವತ್ತು ಹಿತ್ಕಿದ ಬೇಳೆನಾ?" ಎಂದು ಕೇಳಿದರು. ಒಂದು ಡಬ್ಬಿ ಅವರ ಮನೆಗೂ ಹೋಯಿತು.

ಉಳಿದ ರಜೆಯೂ ಹೀಗೇ ಕಳೆಯಿತು. ಒಂದು ದಿನ ಅವರೆಕಾಳಿನ ಅಕ್ಕಿರೊಟ್ಟಿ, ಒಂದು ದಿನ ಉಪ್ಪಿಟ್ಟು, ಒಂದು ದಿನ ರಾಗಿಮುದ್ದೆ. ಇನ್ನೊಂದು ಮಧ್ಯಾಹ್ನ ಉಪ್ಪು ಹಾಕಿ ಬೇಯಿಸಿದ ಹಸಿ ತೊಗರಿಕಾಯಿ ಮತ್ತು ಗೆಣಸು, ಚಾವಣಿಯ ಬಿಸಿಲಲ್ಲಿ ಕೂತು. ಒಂದು ಸಂಜೆ ಅವರೆಬೇಳೆ ಮೇಳದ ಮಾತೂ ಬಂತು. ವಿ.ವಿ. ಪುರದ ಸಜ್ಜನ್‌ರಾವ್ ವೃತ್ತದ ಬೀದಿಯಲ್ಲಿ ಶುರುವಾಗಿ, ಜನ ಹೆಚ್ಚಿ ಬಸವನಗುಡಿಯ ನ್ಯಾಷನಲ್ ಕಾಲೇಜು ಮೈದಾನಕ್ಕೆ ಹೋದ ಮೇಳ ಅದು. ದೋಸೆಯಿಂದ ಜಿಲೇಬಿಯವರೆಗೆ ಎಲ್ಲದಕ್ಕೂ ಅಲ್ಲಿ ಅವರೆಬೇಳೆ. ಅದು ಬರುವುದು ಇನ್ನೂ ತಡ ಎಂದು ತಿಳಿದು ಹುಡುಗ ಕ್ಯಾಲೆಂಡರ್‌ನಲ್ಲಿ ಜನವರಿಯ ಪುಟ ತಿರುವಿದ.

ಬೆಂದ ಕಾಳಿಗೂ ಈ ಊರಿಗೂ ಹಳೆಯ ನಂಟು ಎಂದು ಮಕ್ಕಳಿಗೆ ಎಲ್ಲರೂ ಹೇಳುವ ಕತೆಯನ್ನು ಅಜ್ಜಿಯೂ ಹೇಳಿದರು. ದಾರಿ ತಪ್ಪಿ ಬಂದ ಹೊಯ್ಸಳ ದೊರೆ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೇಯಿಸಿದ ಕಾಳು ಕೊಟ್ಟಳು, ಅದರಿಂದ ಬೆಂದಕಾಳೂರು ಎಂಬ ಹೆಸರು ಬಂತು ಎಂಬ ಕತೆ. ಬೇಗೂರಿನ ನಾಗೇಶ್ವರ ದೇವಸ್ಥಾನದ ಸುಮಾರು ಕ್ರಿ.ಶ. 890ರ ವೀರಗಲ್ಲಿನಲ್ಲಿ ಬೆಂಗಳೂರು ಎಂಬ ಹೆಸರು ಆಗಲೇ ಇದೆ, ಬಲ್ಲಾಳನಿಗಿಂತ ಸುಮಾರು ಮುನ್ನೂರು ವರ್ಷ ಮೊದಲು. ಇತಿಹಾಸದ ಮುಂದೆ ಕತೆ ನಿಲ್ಲದು. ಆದರೂ ಒಂದು ಊರು ತನ್ನ ಹೆಸರಿಗೆ ಕಾರಣ ಹುಡುಕುತ್ತ ಯುದ್ಧವನ್ನೋ ಕೋಟೆಯನ್ನೋ ಬಿಟ್ಟು ಹಸಿದವನಿಗೆ ಕೊಟ್ಟ ಕಾಳನ್ನು ಆರಿಸಿಕೊಂಡಿತಲ್ಲ, ಅದು ಆ ಊರಿನವರ ಬಗ್ಗೆ ಹೇಳುವುದು ಬಹಳ.

ಇಲ್ಲಿ ಒಂದು ಎಚ್ಚರದ ಮಾತು ಅಗತ್ಯ. "ಎಲ್ಲೂ ಹೋಗುವುದು ಬೇಡ, ಮನೆಯಲ್ಲೇ ರುಚಿಯಾಗಿ ಮಾಡಿಕೊಂಡು ಉಣ್ಣೋಣ" ಎಂಬ ಮಾತನ್ನು ಸಾಮಾನ್ಯವಾಗಿ ಹೇಳುವವರು ಒಬ್ಬರು, ಮಾಡುವವರು ಇನ್ನೊಬ್ಬರು. ಅನೇಕ ಹೆಂಗಸರಿಗೆ ಪ್ರವಾಸ ಎಂದರೆ ಮೊದಲ ಅರ್ಥ ಒಲೆಯ ಮುಂದೆ ನಿಲ್ಲದ ನಾಲ್ಕು ದಿನ. ಆ ನಾಲ್ಕು ದಿನವೂ ರದ್ದಾಗಿ, ಮೇಲೆ ಎರಡು ಕಿಲೋ ಕಾಳು ಹಿತುಕುವ ಕೆಲಸ ಅವರ ತಲೆಗೇ ಬಿದ್ದರೆ ಅದು ಹಬ್ಬವಲ್ಲ, ದಂಡ. ಗಿರಿನಗರದ ಮನೆಯಲ್ಲಿ ರಜೆ ನಿಜವಾಗಿಯೂ ರಜೆಯಾದದ್ದು ಗಂಡ ಕಾಯಿ ಸುಲಿದು, ಪಾತ್ರೆ ತೊಳೆದು, ಮೂರನೆಯ ದಿನ ತಾನೇ ರೊಟ್ಟಿ ತಟ್ಟಿದ್ದರಿಂದ. ಅವರೆಕಾಯಿಯ ಅಡುಗೆಗೆ ಕೈ ಹೆಚ್ಚು ಬೇಕು. ಆ ಕೈಗಳು ಮನೆಯಲ್ಲಿ ಇರುವ ಎಲ್ಲರವೂ ಆಗಬೇಕು. ಹಾಗೆ ಆಗದ ಮನೆಯವರು ಜೈಪುರಕ್ಕೇ ಹೋಗಿಬರುವುದು ಒಳ್ಳೆಯದು.

ಚಳಿಗಾಲದ ಈ ಸುಗ್ಗಿ ಬೆಂಗಳೂರಿನ ಸುತ್ತಲಿನ ಕತೆಯಷ್ಟೇ ಅಲ್ಲ. ಉತ್ತರ ಕರ್ನಾಟಕದ ಎರಿ ಹೊಲಗಳಲ್ಲಿ ಹಿಂಗಾರಿ ಜೋಳಕ್ಕೆ ಹಾಲು ತುಂಬುವುದೂ ಈ ಚಳಿಯಲ್ಲೇ. ಎಳೆ ತೆನೆಯನ್ನು ಕೆಂಡದಲ್ಲಿ ಸುಟ್ಟು ಉಜ್ಜಿ ಉದುರಿಸಿದ ಸೀತನಿಯನ್ನು ಶೇಂಗಾ ಚಟ್ನಿ, ಬೆಲ್ಲ, ಮೊಸರಿನ ಜೊತೆ ಹೊಲದ ಬದುವಿನಲ್ಲೇ ತಿನ್ನಬೇಕು. ಪೇಟೆಗೆ ತರುವಷ್ಟರಲ್ಲಿ ಅದರ ಜೀವ ಹೋಗಿರುತ್ತದೆ. ಎಳ್ಳಮಾವಾಸ್ಯೆಯ ದಿನ ಇಡೀ ಮನೆಯೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತದೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣಿಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ, ಕಲಬುರಗಿ ಬೀದರ್ ಕಡೆಯಾದರೆ ಹಲವು ಸೊಪ್ಪು ಕಾಳು ಒಟ್ಟು ಬೇಯಿಸಿದ ಭಜ್ಜಿ. ಮೊದಲು ಭೂಮಿಗೆ ಚರಗ ಚೆಲ್ಲಿ ಆಮೇಲೆ ಊಟ. ಅದೇ ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಬಂತು. ಕರಾವಳಿಯಲ್ಲಿ ಉಡುಪಿಯ ಮಟ್ಟುಗುಳ್ಳದ ಹುಳಿಗೂ ಇದೇ ಕಾಲ. ಇನ್ನು ಮೈಸೂರು, ತುಮಕೂರು, ಬೆಂಗಳೂರಿನ ಮನೆಗಳಲ್ಲಿ ಸಂಕ್ರಾಂತಿಗೆ ಎರಡು ವಾರ ಇರುವಾಗಲೇ ಕೊಬ್ಬರಿಯ ಕಂದು ಸಿಪ್ಪೆ ಹೆರೆದು, ಸಣ್ಣಗೆ ಹೆಚ್ಚಿ, ಬೆಲ್ಲ ಕತ್ತರಿಸಿ, ಬಿಸಿಲಿಗೆ ಹಾಕುವ ಕೆಲಸ ಶುರು. ಈಗ ಎಳ್ಳುಬೆಲ್ಲದ ಪೊಟ್ಟಣ ಅಂಗಡಿಯಲ್ಲಿ ಸಿಗುತ್ತದೆ. ಕೊಬ್ಬರಿ ಹೆಚ್ಚುತ್ತ ಅತ್ತಿಗೆ ನಾದಿನಿಯರು ಆಡುತ್ತಿದ್ದ ಮಾತು ಆ ಪೊಟ್ಟಣದೊಳಗೆ ಬರುವುದಿಲ್ಲ.

ನೋಡಿದರೆ, ಕನ್ನಡನಾಡಿನ ಬಯಲುಸೀಮೆಯ ಹೊಲ ಅತ್ಯಂತ ಧಾರಾಳವಾಗಿರುವ ಎಂಟು ಹತ್ತು ವಾರಗಳಲ್ಲೇ ಪೇಟೆಯವರು ಊರು ಬಿಟ್ಟು ಹೊರಡುತ್ತಾರೆ. ಕ್ರಿಸ್‌ಮಸ್ ರಜೆ, ವರ್ಷದ ಕೊನೆಯಲ್ಲಿ ಮುಗಿಸಲೇಬೇಕಾದ ಆಫೀಸಿನ ರಜೆ, ಎಲ್ಲವೂ ಆಗಲೇ ಬರುತ್ತವೆ. ವಿಮಾನದ ಟಿಕೆಟ್ ಅತಿ ದುಬಾರಿಯಾಗುವುದೂ ಆಗಲೇ. ಪ್ರವಾಸ ತಪ್ಪಲ್ಲ, ಬೇರೆಯವರ ಊರು, ಬೇರೆಯವರ ಅಡುಗೆ ಕಾಣದವನ ಲೋಕ ಕಿರಿದಾಗುತ್ತದೆ. ಜೋಧಪುರದ ಬೀದಿಯಲ್ಲಿ ಬಾಜ್ರಾ ರೊಟ್ಟಿ ತಿಂದ ಮಕ್ಕಳು ಅದು ವಿಜಯಪುರದ ಸಜ್ಜಿ ರೊಟ್ಟಿಯ ಬಂಧುವೇ ಎಂದು ಗುರುತಿಸಿದರೆ ಅದೂ ಒಂದು ಪಾಠ. ಆದರೆ ಗುರುತಿಸಲು ಮೊದಲು ಸಜ್ಜಿ ರೊಟ್ಟಿ ತಿಂದಿರಬೇಕಲ್ಲ.

ಈ ಕಾಲದಲ್ಲಿ ನಮ್ಮ ಹೊಲದ ಬೆಳೆಯನ್ನು ಹುಡುಕಿ ಉಣ್ಣುವುದಕ್ಕೆ ನಾಲಗೆಯನ್ನು ಮೀರಿದ ಕಾರಣವೂ ಇದೆ. ಸೊಗಡಿನ ಅವರೆ ಕೇಳಿ ತೆಗೆದುಕೊಳ್ಳುವವರು ಕಡಿಮೆಯಾದಂತೆ ಅದನ್ನು ಬಿತ್ತುವವರೂ ಕಡಿಮೆಯಾಗುತ್ತಾರೆ. ಮಾಗಡಿ ರಸ್ತೆಯಲ್ಲಿ, ಹೊಸಕೋಟೆಯ ಆಚೆ ಹೊಲಗಳು ಬಡಾವಣೆಗಳಾಗುತ್ತಿವೆ. ಉಳಿದ ಹೊಲದಲ್ಲಿ ರೈತ ಅಕ್ಕಡಿ ಸಾಲನ್ನು ಯಾಕೆ ಇಡಬೇಕು? ಕೊಳ್ಳುವವರಿಗೆ ಘಮದ ಗೊತ್ತಿದ್ದು, ಅದಕ್ಕೆ ನಾಲ್ಕು ಕಾಸು ಹೆಚ್ಚು ಕೊಟ್ಟರೆ ಮಾತ್ರ ಇಟ್ಟಾನು. ಆ ಗೊತ್ತು ಪುಸ್ತಕದಿಂದ ಬರುವಂಥದ್ದಲ್ಲ, ಗಿರಿನಗರದ ಆ ಮಗನಿಗೆ ಬಂದ ಹಾಗೆ ಬೆರಳಿನಿಂದ ಬರುವಂಥದ್ದು. ಶಾಲೆಗಳು ಮಕ್ಕಳನ್ನು ಡಿಸೆಂಬರ್‌ನಲ್ಲಿ ಥೀಮ್ ಪಾರ್ಕಿಗೆ ಕರೆದೊಯ್ಯುವ ಒಂದು ದಿನವನ್ನು ರಾಗಿ ಕೊಯ್ದ ಹೊಲಕ್ಕೆ ಕೊಟ್ಟರೆ ಎಷ್ಟು ಚೆನ್ನ. ದೊಡ್ಡವರೂ ಗಾಂಧಿ ಬಜಾರು, ಮಲ್ಲೇಶ್ವರದ ಹಾದಿಬದಿಯಲ್ಲಿ ಗೋಣಿಚೀಲ ಬಿಚ್ಚಿ ಕೂತ ಹಳ್ಳಿಯವರ ಬಳಿ ಎರಡು ನಿಮಿಷ ನಿಂತು ಯಾವ ಊರಿನ ಕಾಯಿ ಎಂದು ಕೇಳಲಿ. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿದ ಹಾಪ್‌ಕಾಮ್ಸ್‌ನ ಮಳಿಗೆಗಳು ಇನ್ನೂ ಇವೆ, ಅಲ್ಲಿಯೂ ಕೇಳಲಿ. ಕೇಳುವವರು ಇದ್ದಾರೆ ಎಂಬ ಸುದ್ದಿ ಹೊಲಕ್ಕೆ ಮುಟ್ಟಬೇಕು.

ಗಿರಿನಗರದ ಮನೆಯವರು ಮಕ್ಕಳಿಗೆ ಕೊಟ್ಟ ಮಾತಿಗೆ ತಪ್ಪಿಲ್ಲ. ಜೈಪುರಕ್ಕೆ ಮತ್ತೆ ಟಿಕೆಟ್ ಮಾಡಿಸಿದ್ದಾರೆ, ಫೆಬ್ರುವರಿಯ ಕೊನೆಯ ವಾರಕ್ಕೆ. ಅಷ್ಟು ಹೊತ್ತಿಗೆ ಸೊಗಡಿನ ಅವರೆ ಮುಗಿದಿರುತ್ತದೆ.