'ಇರಬಹುದು' ಅಂತ ಬರೆದರೆ ತಪ್ಪೇ?

ಮಕ್ಕಳೇ,

ಹೋದ ವರ್ಷ ಒಂಬತ್ತನೇ ತರಗತಿಗೆ ಒಂದು ಬಿಳಿ ಪುಡಿ ಕೊಟ್ಟು, ಯಾವುದೆಂದು ಗುರುತಿಸಲು ಹೇಳಿದ್ದೆ. ಒಬ್ಬಳು ಬರೆದಳು: "ಅಡುಗೆ ಸೋಡಾ ಇರಬಹುದು. ವಿನೆಗರ್ ಹಾಕಿದಾಗ ನೊರೆ ಬಂತು. ಆದರೆ ವಾಷಿಂಗ್ ಸೋಡಾಕ್ಕೂ ನೊರೆ ಬರುತ್ತದೆ." ನಾನು ಕೆಂಪು ಶಾಯಿಯಲ್ಲಿ 'ಸ್ಪಷ್ಟವಾಗಿ ಬರೆ' ಎಂದು ಗೀಚಿ ಅರ್ಧ ಅಂಕ ಕಡಿದೆ. ತಪ್ಪು ನನ್ನದು. ಯಾಕೆಂದು ಹೇಳುತ್ತೇನೆ.

1964ರಲ್ಲಿ ರಾಕೆಟ್‌ನಲ್ಲಿ ಕಳಿಸಿದ ಉಪಕರಣಕ್ಕೆ ರಾಜಹಂಸ ನಕ್ಷತ್ರಪುಂಜದ ಕಡೆಯಿಂದ ಜೋರಾದ ಎಕ್ಸ್-ಕಿರಣ ಸಿಕ್ಕಿತು. (ವಾತಾವರಣ ಎಕ್ಸ್-ಕಿರಣವನ್ನು ಹೀರಿಬಿಡುತ್ತದೆ, ನೆಲದ ಮೇಲೆ ಕೂತು ನೋಡಲಿಕ್ಕಾಗದು.) ಅದೇ ಸಿಗ್ನಸ್ ಎಕ್ಸ್-1. ಅಲ್ಲಿ ಕಣ್ಣಿಗೆ ಕಾಣದ ಒಂದು ಕಾಯ ಪಕ್ಕದ ದೊಡ್ಡ ನಕ್ಷತ್ರದ ಅನಿಲವನ್ನು ಸೆಳೆದುಕೊಳ್ಳುತ್ತಿದೆ. ಅನಿಲ ಸುತ್ತುತ್ತಾ ಬೀಳುವಾಗ ಲಕ್ಷಾಂತರ ಡಿಗ್ರಿ ಕಾದು ಎಕ್ಸ್-ಕಿರಣ ಚೆಲ್ಲುತ್ತದೆ.

ತೊಂದರೆ ಏನೆಂದರೆ, ನ್ಯೂಟ್ರಾನ್ ನಕ್ಷತ್ರವೂ ಹೀಗೇ ಮಾಡುತ್ತದೆ, ಕಪ್ಪುಕುಳಿಯೂ ಹೀಗೇ ಮಾಡುತ್ತದೆ. ಎರಡಕ್ಕೂ ನೊರೆ!

ನ್ಯೂಟ್ರಾನ್ ನಕ್ಷತ್ರಕ್ಕೆ ಗಟ್ಟಿ ಮೇಲ್ಮೈ ಇದೆ. ಸೆಂಟಾರಸ್ ಎಕ್ಸ್-3 ಸುಮಾರು 4.8 ಸೆಕೆಂಡಿಗೊಮ್ಮೆ ಮಿಡಿಯುತ್ತದೆ, ಗಡಿಯಾರದ ಹಾಗೆ. ಇನ್ನು ಕೆಲವುಗಳಲ್ಲಿ ಮೇಲ್ಮೈಯಲ್ಲಿ ರಾಶಿ ಬಿದ್ದ ಅನಿಲ ಒಮ್ಮೆಗೇ ಪರಮಾಣು ಬಾಂಬಿನಂತೆ ಸಿಡಿಯುತ್ತದೆ. ಕಪ್ಪುಕುಳಿಗೆ ಮೇಲ್ಮೈಯೇ ಇಲ್ಲ, ಹಾಗಾಗಿ ಮಿಡಿತವೂ ಇಲ್ಲ, ಸಿಡಿತವೂ ಇಲ್ಲ. ಆದರೆ ಮಿಡಿತ ಕಾಣಲಿಲ್ಲ ಎಂದ ಮಾತ್ರಕ್ಕೆ ಕಪ್ಪುಕುಳಿ ಅಂದುಬಿಡಬಹುದೇ? ಆಗದು. ಅದಕ್ಕೇ ವಿಜ್ಞಾನಿಗಳು 'ಕಪ್ಪುಕುಳಿ ಅಭ್ಯರ್ಥಿ' ಎಂದರು. ನಮ್ಮ ಕಾಸರಗೋಡಿನ ಗೋಡೆಗಳ ಮೇಲೆ ಚುನಾವಣೆಯಲ್ಲಿ ಮಲಯಾಳದಲ್ಲಿ 'ಸ್ಥಾನಾರ್ಥಿ' ಅಂತ ಬರೆದಿರುತ್ತದಲ್ಲ, ಅದೇ. ನಿಂತಿದ್ದಾರೆ, ಗೆದ್ದಿಲ್ಲ.

ಗೆಲ್ಲಿಸಿದ್ದು ತೂಕ. ಜೊತೆಯ ನಕ್ಷತ್ರ 5.6 ದಿನಕ್ಕೊಂದು ಸುತ್ತು ಬರುತ್ತದೆ. ಆ ಓಟದಿಂದ ಕಾಣದ ಕಾಯದ ದ್ರವ್ಯರಾಶಿ ಲೆಕ್ಕ ಹಾಕಬಹುದು. ನ್ಯೂಟ್ರಾನ್ ನಕ್ಷತ್ರ ಸುಮಾರು 3 ಸೂರ್ಯರಷ್ಟನ್ನು ಮೀರಲಾರದು. ಸಿಗ್ನಸ್ ಎಕ್ಸ್-1 ಸುಮಾರು 21 ಸೂರ್ಯರಷ್ಟು ಎಂದು 2021ರ ಲೆಕ್ಕ. ಸ್ಟೀಫನ್ ಹಾಕಿಂಗ್ 1974ರಲ್ಲಿ ಇದು ಕಪ್ಪುಕುಳಿ ಅಲ್ಲವೆಂದು ಕಿಪ್ ಥಾರ್ನ್ ಜೊತೆ ಪಂಥ ಕಟ್ಟಿದ್ದರು. ಸೋಲೊಪ್ಪಿದ್ದು 1990ರಲ್ಲಿ. ಅಷ್ಟು ವರ್ಷ 'ಇರಬಹುದು'!

ಓದದೆ ಬಂದು 'ಇರಬಹುದು' ಅನ್ನುವುದು ಬೇರೆ, ಅದಕ್ಕೆ ಅಂಕ ಕೊಡುವುದಿಲ್ಲ. ಆದರೆ ಯಾಕೆ ಅನುಮಾನ ಅಂತ ಕಾರಣ ಬರೆದರೆ, ಅದನ್ನು ಕಡಿಯುವ ಹಕ್ಕು ನಮಗೆ, ಮೇಷ್ಟ್ರುಗಳಿಗೆ, ಇಲ್ಲ. ಕಡಿದರೆ ಬಂದು ಕೇಳಿ.

ಆ ಹುಡುಗಿ ಈಗ ಹತ್ತನೇ ತರಗತಿ. ಕರೆದು ತಪ್ಪಾಯಿತು ಅಂದೆ. "ಹಾಗಾದ್ರೆ ಆ ಪುಡಿ ಯಾವುದು ಸರ್?" ಅಂತ ಕೇಳಿದಳು. ಬಿಸಿ ಮಾಡಿ ನೋಡೋಣ ಎಂದಿದ್ದೇನೆ.