ಕೋವಿ: ಆಸ್ತಿಯೋ, ಹೊಣೆಯೋ?

ಕಳೆದ ಮಳೆಗಾಲದಲ್ಲಿ ಡೊಂಬಿವಲಿಯ ನಮ್ಮ ಕಟ್ಟಡದ ಎರಡು ಮನೆಗಳಲ್ಲಿ ಒಂದೇ ವಾರ ಕಳ್ಳತನವಾಯಿತು. ಸೊಸೈಟಿಯ ಸಭೆಯಲ್ಲಿ ಕಾವಲುಗಾರ, ಕ್ಯಾಮೆರಾ, ಕಬ್ಬಿಣದ ಬಾಗಿಲುಗಳ ಚರ್ಚೆ ಮುಗಿಯುತ್ತಿದ್ದಂತೆ ಹಿರಿಯ ಸದಸ್ಯರೊಬ್ಬರು ಎದ್ದು, "ಇವೆಲ್ಲ ಏಕೆ? ಪಿಸ್ತೂಲಿಗೆ ಲೈಸೆನ್ಸ್ ಮಾಡಿಸೋಣ. ಅಮೆರಿಕದಲ್ಲಿ ನನ್ನ ಮಗನ ನೆರೆಹೊರೆಯವರೆಲ್ಲ ಇಟ್ಟುಕೊಂಡಿದ್ದಾರೆ" ಎಂದರು. ಬಳಿಕ ನನ್ನತ್ತ ತಿರುಗಿ, "ರಾಯರೇ, ನಿಮ್ಮ ಬ್ಯಾಂಕಿನ ಬಾಗಿಲಲ್ಲೇ ಕೋವಿ ಇದೆಯಲ್ಲ, ನೀವೇ ಹೇಳಿ" ಎಂದರು. ಅಂದು ನನಗೆ ಉತ್ತರ ಹೊಳೆಯಲಿಲ್ಲ. ಆರೋಗ್ಯದ ಲೇಖನಗಳಿರುವ ಈ ಸ್ಮರಣ ಸಂಚಿಕೆಯಲ್ಲಿ ಆ ಉತ್ತರವನ್ನು ಬರೆಯುತ್ತಿದ್ದೇನೆ. ವಿಷಯ ಆರೋಗ್ಯಕ್ಕೂ ಸಂಬಂಧಿಸಿದ್ದೆಂಬುದು ವಾಚಕರಿಗೆ ಮುಂದೆ ತಿಳಿದೀತು.

ಬಂದೂಕಿನ ವಿಷಯದಲ್ಲಿ ಎಲ್ಲ ದೇಶಗಳ ಮನೋಧರ್ಮ ಒಂದೇ ಬಗೆಯದಲ್ಲ. ಅಮೆರಿಕದಲ್ಲಿ ಅದು ಹಕ್ಕು. 1791ರ ಎರಡನೆಯ ತಿದ್ದುಪಡಿಯ ಮೂಲಕ ಅವರ ಸಂವಿಧಾನದಲ್ಲೇ ಸೇರಿದೆ. ಸ್ವಿಟ್ಜರ್ಲೆಂಡಿನಲ್ಲಿ ಅದು ಕರ್ತವ್ಯದ ಅಂಗ. ನಾಗರಿಕ ಸೈನಿಕನು ಸೈನ್ಯದ ಬಂದೂಕನ್ನು ಮನೆಯಲ್ಲಿಟ್ಟುಕೊಳ್ಳುವ ಪದ್ಧತಿ ಅಲ್ಲುಂಟು. ಆಸ್ಟ್ರೇಲಿಯವು 1996ರಲ್ಲಿ ಪೋರ್ಟ್ ಆರ್ಥರಿನಲ್ಲಿ 35 ಮಂದಿ ಹತರಾದ ಬಳಿಕ ಕಾಯಿದೆಯನ್ನು ಬಿಗಿಗೊಳಿಸಿ, ಜನರಿಂದ ಆರು ಲಕ್ಷಕ್ಕೂ ಹೆಚ್ಚು ಬಂದೂಕುಗಳನ್ನು ಹಣ ಕೊಟ್ಟು ಹಿಂಪಡೆಯಿತು. ಅದೇ ವರ್ಷ ಡನ್‌ಬ್ಲೇನ್ ಶಾಲೆಯಲ್ಲಿ 16 ಮಕ್ಕಳೂ ಅವರ ಶಿಕ್ಷಕಿಯೂ ಗುಂಡಿಗೆ ಬಲಿಯಾದುದರಿಂದ ಬ್ರಿಟನ್ ಮರುವರ್ಷ ಖಾಸಗಿಯವರ ಕೈಬಂದೂಕುಗಳನ್ನು ನಿಷೇಧಿಸಿತು.

ನಮ್ಮಲ್ಲಿ ಬಂದೂಕು ಹಕ್ಕೂ ಅಲ್ಲ, ಕರ್ತವ್ಯವೂ ಅಲ್ಲ. ಸರಕಾರ ಕೊಡುವ ಅನುಮತಿ. 1878ರ ಕಾಯಿದೆಯು ಭಾರತೀಯರಿಗೆ ಲೈಸೆನ್ಸ್ ವಿಧಿಸಿ ಯುರೋಪಿಯನ್ನರಿಗೆ ವಿನಾಯಿತಿ ಕೊಟ್ಟಿತ್ತು. ಸ್ವತಂತ್ರ ಭಾರತದ 1959ರ ಶಸ್ತ್ರಾಸ್ತ್ರ ಕಾಯಿದೆಯು ಆ ವರ್ಣಭೇದವನ್ನು ತೊಡೆಯಿತಾದರೂ ಲೈಸೆನ್ಸನ್ನು ಉಳಿಸಿಕೊಂಡಿತು. 2019ರ ತಿದ್ದುಪಡಿಯು ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತಲ್ಲದೆ, ಮದುವೆ ಮೆರವಣಿಗೆಗಳಲ್ಲಿ ಬೇಜವಾಬ್ದಾರಿಯಿಂದ ಗುಂಡು ಹಾರಿಸುವುದನ್ನು ಶಿಕ್ಷಾರ್ಹ ಅಪರಾಧವನ್ನಾಗಿಸಿತು.

ಇದಕ್ಕೊಂದು ಅಪವಾದ ನಮ್ಮ ಕನ್ನಡ ನಾಡಿನಲ್ಲೇ ಇದೆ. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನ ಅಗತ್ಯವಿಲ್ಲ. 1861ರಲ್ಲಿ ಬ್ರಿಟಿಷರು ಕೊಡವರಿಗೆ ಕೊಟ್ಟ ವಿನಾಯಿತಿಯೇ ಇದರ ಮೂಲ. ಕೇಂದ್ರ ಸರಕಾರವು 2019ರಲ್ಲಿ ಇದನ್ನು 2029ರವರೆಗೆ ಮುಂದುವರಿಸಿತು; ಇದನ್ನು ಪ್ರಶ್ನಿಸಿದ್ದ ಅರ್ಜಿಯನ್ನು ಕರ್ನಾಟಕ ಉಚ್ಚ ನ್ಯಾಯಾಲಯವು 2021ರಲ್ಲಿ ತಳ್ಳಿಹಾಕಿತು.

ಬ್ಯಾಂಕಿಗೆ ಸೇರಿದ ಹೊಸತರಲ್ಲಿ ನಾನು ಕೊಡಗಿನ ಒಂದು ಶಾಖೆಯಲ್ಲಿ ಎರಡು ವರ್ಷವಿದ್ದೆ. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದಂದು ಕೋವಿಗಳನ್ನು ತೋಕ್‌ಪೂವಿನಿಂದ ಸಿಂಗರಿಸಿ ಪೂಜಿಸುವುದನ್ನೂ, ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯವನ್ನೂ ಕಣ್ಣಾರೆ ಕಂಡಿದ್ದೇನೆ. ಗಂಡುಮಗು ಹುಟ್ಟಿದಾಗ ಒಂದು ಗುಂಡು, ಸಾವಾದಾಗ ಎರಡು ಗುಂಡು ಹಾರಿಸುವ ಪದ್ಧತಿ ಅಲ್ಲಿಯದು. ಯಾವ ಒಕ್ಕದವರಲ್ಲಿ ಯಾವ ಕೋವಿ ಇದೆಯೆಂಬುದು ಊರಿಗೇ ಗೊತ್ತು. ಅದನ್ನು ಹಿಡಿದವನ ಹಿಂದೆ ಐನ್‌ಮನೆಯಿದೆ, ಹಿರಿಯರಿದ್ದಾರೆ, ಮನೆತನದ ಹೆಸರಿದೆ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಅಲ್ಲಿ ಇಡೀ ಒಕ್ಕವೇ ಆ ಕೋವಿಗೆ ಜಾಮೀನು.

ನಮ್ಮ ಉಪನಗರದಲ್ಲಿ ಆ ಜಾಮೀನು ಎಲ್ಲಿಯದು? ಒಂದೇ ಲಿಫ್ಟಿನಲ್ಲಿ ಹತ್ತು ವರ್ಷ ಓಡಾಡಿದವರ ಹೆಸರು ನಮಗೆ ತಿಳಿಯದು. ಪಾರ್ಕಿಂಗಿನ ಜಗಳ, ಬಿಲ್ಡರನೊಡನೆ ವ್ಯಾಜ್ಯ, ಲೋಕಲ್ ಗಾಡಿಯ ನೂಕುನುಗ್ಗಲಿನಿಂದ ಹೊತ್ತು ತಂದ ಸಿಟ್ಟು, ಇವೇ ಇಲ್ಲಿಯ ನಿತ್ಯದ ಸಂಗಾತಿಗಳು. 2024ರ ಫೆಬ್ರುವರಿ 2ರಂದು ಉಲ್ಲಾಸನಗರದ ಪೊಲೀಸ್ ಠಾಣೆಯೊಳಗೇ, ಭೂವಿವಾದವೊಂದರ ಸಂಬಂಧದಲ್ಲಿ, ಎದುರಾಳಿಯ ಮೇಲೆ ಗುಂಡು ಹಾರಿಸಿದರೆಂಬ ಆರೋಪದ ಮೇಲೆ ಕಲ್ಯಾಣ ಪೂರ್ವದ ಅಂದಿನ ಶಾಸಕರು ಬಂಧಿತರಾದುದು ನಮಗೆಲ್ಲ ನೆನಪಿದೆ. ಸುತ್ತಲೂ ಪೊಲೀಸರಿರುವ ಕಡೆಯೇ ಹೀಗಾಗುವುದಾದರೆ, ನಮ್ಮ ಕಟ್ಟಡದ ಮೆಟ್ಟಿಲ ಮೇಲೆ ಏನಾದೀತೆಂದು ಯೋಚಿಸಬೇಕು.

ಆದರೆ ನಾನು ಮುಖ್ಯವಾಗಿ ಹೇಳಬೇಕಾದುದು ಬೇರೆ. ಕೊಡಗಿನ ಅದೇ ಶಾಖೆಯಲ್ಲಿ ಬೆಳೆಗಾರರೊಬ್ಬರ ಸಾಲ ಸುಸ್ತಿಯಾಗಿತ್ತು. ವಸೂಲಿಯ ನೋಟೀಸಿಗೆ ಸಹಿ ಹಾಕಿದವನು ನಾನು. ಕೆಲವು ವಾರಗಳ ತರುವಾಯ ಅವರು ಮನೆಯ ಕೋವಿಯಿಂದಲೇ ಪ್ರಾಣ ಕಳೆದುಕೊಂಡರು. "ಸಾಲವೊಂದೇ ಕಾರಣವಲ್ಲ, ಬಹಳ ದಿನಗಳಿಂದ ಮನಸ್ಸು ಕುಗ್ಗಿತ್ತು" ಎಂದು ಅವರ ತಮ್ಮನವರು ನನ್ನನ್ನು ಸಮಾಧಾನಪಡಿಸಿದರು. ಬಳಿಕ ಮೆಲ್ಲನೆ, "ಆ ರಾತ್ರಿ ಕೋವಿ ಕೈಗೆ ಸಿಗದಿದ್ದರೆ ಬೆಳಗಾಗುತ್ತಿತ್ತು ಸಾರ್" ಎಂದರು. ಆ ಮಾತನ್ನು ನಾನು ಇಂದಿಗೂ ಮರೆತಿಲ್ಲ. ಸಂಪ್ರದಾಯವು ಕೋವಿಯಿಂದ ನೆರೆಯವನನ್ನು ಕಾಪಾಡೀತು; ಕೋವಿಯ ಒಡೆಯನನ್ನು ಅವನಿಂದಲೇ ಕಾಪಾಡಲು ಅದಕ್ಕೆ ಯಾವಾಗಲೂ ಸಾಧ್ಯವಾಗದು.

ಇದು ಒಂದು ಮನೆಯ ಕಥೆಯಷ್ಟೇ ಅಲ್ಲ. ಅಮೆರಿಕದಲ್ಲಿ 2021ರಲ್ಲಿ ಗುಂಡಿನಿಂದ ಸತ್ತ 48,830 ಮಂದಿಯಲ್ಲಿ 26,328 ಮಂದಿ ಸತ್ತದ್ದು ಆತ್ಮಹತ್ಯೆಯಿಂದ. ಕಳ್ಳನಿಗೆಂದು ತಂದಿಟ್ಟ ಆಯುಧ ಮನೆಯವರನ್ನೇ ಬಲಿ ತೆಗೆದುಕೊಳ್ಳುವುದೆಂದರೆ ಇದೇ ಅಲ್ಲವೇ? ಸ್ವಿಟ್ಜರ್ಲೆಂಡಿನಲ್ಲಿ 2003-04ರ ಸುಧಾರಣೆಯಿಂದ ಸೈನ್ಯದ ಸಂಖ್ಯೆ ಅರ್ಧದಷ್ಟು ಇಳಿದು ಮನೆಗಳಲ್ಲಿದ್ದ ಬಂದೂಕುಗಳೂ ಕಡಿಮೆಯಾದ ಮೇಲೆ, ಆ ವಯಸ್ಸಿನ ಗಂಡಸರ ಆತ್ಮಹತ್ಯೆಗಳು ಇಳಿದವೆಂದು ಸಂಶೋಧಕರು ಕಂಡುಕೊಂಡರು. ಬಂದೂಕು ಸಿಗದವರೆಲ್ಲರೂ ಬೇರೆ ದಾರಿ ಹುಡುಕಲಿಲ್ಲ. ಹಲವರ ಪಾಲಿಗೆ ಆ ಕೆಟ್ಟ ಗಳಿಗೆ ಕಳೆದುಹೋಯಿತು.

ಕೊಡಗಿನವರ ವಿನಾಯಿತಿಯನ್ನು ಕಿತ್ತುಕೊಳ್ಳಬೇಕೆಂದು ನಾನು ಹೇಳುತ್ತಿಲ್ಲ. ಮಲೆನಾಡಿನ ರೈತನು ಕಾಡುಹಂದಿಯಿಂದ ಪೈರನ್ನು ಕಾಯಲು ಇಟ್ಟುಕೊಂಡ ಕೋವಿಯೂ ಅವನ ಬದುಕಿನ ಉಪಕರಣವೇ. ಊರಿನ ಮನೆಯಲ್ಲಿ ಇಂಥ ಕೋವಿ ಇರುವ ಕನ್ನಡಿಗರು ನಮ್ಮ ಥಾಣೆ, ಕಲ್ಯಾಣ, ನವಿ ಮುಂಬಯಿಗಳಲ್ಲೂ ಇದ್ದಾರು. ಅವರಲ್ಲಿ ನನ್ನ ವಿನಂತಿ ಇಷ್ಟೆ: ಕೋವಿಯನ್ನು ಬೀಗದೊಳಗಿಡಿ, ತೋಟೆಗಳನ್ನು ಬೇರೆ ಕಡೆ ಬೀಗದೊಳಗಿಡಿ. ಮನೆಯಲ್ಲಿ ಯಾರಾದರೂ ನಿದ್ದೆಗೆಟ್ಟು, ಮಾತು ಕಡಿಮೆ ಮಾಡಿ, ಕುಗ್ಗಿ ಕುಳಿತಿದ್ದರೆ ವೈದ್ಯರ ಬಳಿಗೆ ಕರೆದೊಯ್ಯಿರಿ. ಅವರು ಚೇತರಿಸಿಕೊಳ್ಳುವವರೆಗೆ ಕೋವಿಯನ್ನು ಪೊಲೀಸ್ ಠಾಣೆಯಲ್ಲೋ ಲೈಸೆನ್ಸುಳ್ಳ ವ್ಯಾಪಾರಿಯಲ್ಲೋ ಇರಿಸಿ. ಕಾಯಿದೆಯಲ್ಲಿ ಅದಕ್ಕೆ ಅವಕಾಶವಿದೆ. ಅದರಿಂದ ಮನೆತನದ ಮಾನಕ್ಕೆ ಕುಂದಿಲ್ಲ.

ಸಭೆಯಲ್ಲಿ ಪ್ರಶ್ನೆ ಕೇಳಿದ ಹಿರಿಯರಿಗೆ ಈಗ ಉತ್ತರ ಕೊಡಬಲ್ಲೆ. ಬ್ಯಾಂಕಿನ ಕಾವಲುಗಾರನ ಕೋವಿ ಕೆಲಸದ ಹೊತ್ತಿನದು. ಅವನಿಗೆ ತರಬೇತಿಯಿದೆ, ಮೇಲಧಿಕಾರಿಯಿದ್ದಾನೆ. ನಮ್ಮ ಹಾಸಿಗೆಯ ಪಕ್ಕದ ಪಿಸ್ತೂಲಿಗೆ ಅವಾವುವೂ ಇಲ್ಲ. ಅದನ್ನು ಖರೀದಿಸಿದವರು ಆಸ್ತಿಯ ಪಟ್ಟಿಯಲ್ಲಿ ಬರೆದುಕೊಳ್ಳುತ್ತಾರೆ. ವಾಣಿಜ್ಯ ಶಾಸ್ತ್ರ ಓದಿದ ನಾನು ಅದನ್ನು ಹೊಣೆಯ ಪಟ್ಟಿಯಲ್ಲೇ ಬರೆಯುತ್ತೇನೆ. ಒಡವೆಗೆ ಲಾಕರ್ ಇದೆ, ಬಾಗಿಲಿಗೆ ಬೀಗವಿದೆ. ಉಳಿದ ಭಯಕ್ಕೆ ನೆರೆಮನೆಯವರ ಪರಿಚಯವೇ ಮದ್ದು. ಆ ಪರಿಚಯವನ್ನು ಬೆಳೆಸುವುದಕ್ಕಾಗಿಯೇ ಅಲ್ಲವೇ ನಾವು ಇಂಥ ಸಂಘಗಳನ್ನು ಕಟ್ಟಿಕೊಂಡಿರುವುದು?